ಕಡೀ ಸಾಲಿನ ಕುರ್ಚಿ

ಮುಂಬೈ ಬಾಜೂದ ಠಾಣೆ ಊರಿನ ಹಳೇ ನಾಟಕಮಂದಿರದ ರಿಪೇರಿಗಂತ ಕಳಂಬೋಲಿ ಕಬ್ಬಿಣ ಮಾರ್ಕೆಟ್‌ನಿಂದ ಟೆಂಪೋದಾಗ ಕಬ್ಬಿಣ ತಂದಿದ್ದೆ. ಸಲಾಕಿ ಹೊತ್ಕೊಂಡು ಬೂಟುಗಾಲಿಲೇ ಸ್ಟೇಜ್ ಹತ್ತಿದೆ. ಮುದುಕ ವಾಚ್‌ಮನ್ ಹಿಂದಿಯೊಳಗ ರೇಗಿದ: “ಬೂಟ್ ಬಿಚ್ಚು! ಇಲ್ಲಿ ದೊಡ್ಡ ದೊಡ್ಡ ಗವಾಯಿಗಳೂ ಬರಿಗಾಲಿಲೇ ಹಾಡ್ಯಾರ.”

ಕಾಲ ಮ್ಯಾಲ ಕಬ್ಬಿಣ ಬಿದ್ದರ ಗವಾಯಿ ಬರ್ತಾನೇನು ಅಂತ ನನಗೂ ಸಿಟ್ಟು ಬಂತು. ಆದರೂ ಬಿಚ್ಚಿದೆ.

“ಊರಾಗ ನಾನೂ ಭಜನಿ ಹಾಡ್ತೀನಿ, ಕಾಕಾ” ಅಂದೆ.

“ಹಂಗಾದ್ರ ಹಾಡು” ಅಂದವನೇ, ಹೋಗಿ ಕಡೀ ಸಾಲಿನ ಕುರ್ಚಿಯೊಳಗ ಕುಂತ.

ಮೈಕ್ ಇರಲಿಲ್ಲ. ಅಂಜಿಕೋತ ಒಂದು ನುಡಿ ಹಾಡಿದೆ. ಕನ್ನಡ ತಿಳಿಯದ ಮುದುಕ ಅಲ್ಲಿಂದಲೇ ಕೈ ಎತ್ತಿ, “ಔರ್ ಏಕ್, ಬೇಟಾ” ಅಂದ.

ಆ ಕಾಕಾನ್ನ ಹೆಂಗ ಮರೀಲಿ? ಕಳವಾ ಅನ್ನೋ ಕಡೆ ನಾ ಇರೋ ಖೋಲಿಯೊಳಗ ಹಾಡಾಕ ಬಾಯಿ ತೆರೆದರ ಬಾಜೂ ಖೋಲಿಯವರು ಗ್ವಾಡಿ ಬಡೀತಾರ.