ಕಾವಲಿನ ಬಳಿ ನಿಂತ ಗಾಡಿ

ಚಳ್ಳಕೆರೆಯ ನಮ್ಮ ಎದುರುಮನೆಯವರ ಎಸ್‌ಯುವಿ ಯಾವಾಗ, ಎಲ್ಲಿ ಕೆಟ್ಟು ನಿಲ್ಲುತ್ತದೋ ಹೇಳುವಂತಿರಲಿಲ್ಲ. ಮೊಳಕಾಲ್ಮೂರಿನ ಅವರ ಭಾವನದೂ ಅದೇ ಮಾದರಿಯ ಗಾಡಿ. ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ. ಯಾರಾದರೂ ಹೋಲಿಸಿದರೆ ಇವರು ಬಾನೆಟ್ ಸವರುತ್ತಾ, "ಇದಕ್ಕೆ ಸುಸ್ತಾಗೈತೆ, ಬಿಡ್ರಿ" ಅನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅವ್ವ ಅಳಲೂ ಇಲ್ಲ, ಹೊಸಿಲು ದಾಟಲೂ ಇಲ್ಲ. ಎದುರುಮನೆಯವರೇ ಒತ್ತಾಯಿಸಿ ತಮ್ಮ ಗಾಡಿಯಲ್ಲಿ ನಮ್ಮಿಬ್ಬರನ್ನು ದೊಡ್ಡಉಳ್ಳಾರ್ತಿಯ ಚಿಕ್ಕಮ್ಮನ ಮನೆಗೆ ಹೊರಡಿಸಿದರು. ದಾರಿಯಲ್ಲಿ, ದನ ಮೇಯುವ ಹುಲ್ಲುಬಯಲಾದ ಕಾವಲಿನ ಬಳಿ ಗಾಡಿ ನಿಂತೇಬಿಟ್ಟಿತು. ಅವರು ಹುಲ್ಲಿನ ಮೇಲೆ ಟವೆಲ್ ಹಾಸಿ, "ಕುಂತ್ಕಳಕ್ಕಾ, ಸುಧಾರಿಸ್ಕಂಡು ಹೋಗಾನ. ಅವಸರ ಏನೈತೆ?" ಎಂದರು. ಅವ್ವ ಕುಳಿತು ಮನಸಾರೆ ಅತ್ತಳು.

ಅವರು ಈಗಿಲ್ಲ. ನಾನು ಕೊಂಡ ಗಾಡಿ ಇದುವರೆಗೆ ಎಲ್ಲೂ ಕೆಟ್ಟು ನಿಂತಿಲ್ಲ. ಆ ದಾರಿಯಲ್ಲಿ ಹೋಗುವಾಗ ಅವ್ವನೇ, "ಒಂದೀಟು ನಿಲ್ಸಪ್ಪಾ" ಅನ್ನುತ್ತಾಳೆ.