ಕಥೆಯಲ್ಲಿ ಅವಳಿಗೆ ಅಮ್ಮ ಇರಲಿಲ್ಲ

“ಮೇಡಂ, ನನ್ ಮಗ್ಳಿಗೆ ಒಟ್ಟೇಲಿದ್ದ ಮಗ ಓಗ್ಬುಡ್ತಂತೆ. ನಿಜವಾ?”

ಬ್ಲೌಸ್ ಹೊಲಿಯಲು ಕೊಡೋಣ ಎಂದು ಹೋದವಳನ್ನು ಯಾರಾದರೂ ಹೀಗೆ ಕೇಳಿದರೆ ಏನು ಹೇಳುವುದು?

ಗುಂಡ್ಲುಪೇಟೆಯಲ್ಲಿ ನನ್ನ ತಂಗಿಯ ಮನೆ. ಚಾಮರಾಜನಗರದಿಂದ ಹೋದಾಗಲೆಲ್ಲ ಮಾದೇವಮ್ಮನ ಟೈಲರಿಂಗ್ ಅಂಗಡಿಗೆ ಒಂದು ಭೇಟಿ ಖಾಯಂ. ಈರುಳ್ಳಿ ಲಾರಿ ಹಾದುಹೋದರೆ ಅಂಗಡಿಯ ಗಾಜಿನ ಬೀರು ನಡುಗುತ್ತದೆ, ರಸ್ತೆಗೆ ಅಷ್ಟು ಹತ್ತಿರ. ಮಾದೇವಮ್ಮ ಉಮ್ಮತ್ತೂರಿನಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಹೊಲಿಗೆಯನ್ನೇ ನಂಬಿ ಒಬ್ಬಳೇ ಮಗಳನ್ನು ಓದಿಸಿದರು. ಆ ಮಗಳು ಈಗ ಸೀರಿಯಲ್ ನಟಿ. ನೀವೂ ನೋಡಿರುತ್ತೀರಿ. (ಹೆಸರು ಹೇಳುವುದಿಲ್ಲ. ಕೇಳದೆ ಅವಳ ಹೆಸರು ಬಳಸಿದವರು ಈಗಾಗಲೇ ಸಾಕಷ್ಟಿದ್ದಾರೆ.)

ಮಾದೇವಮ್ಮ ಫೋನ್ ಚಾಚಿದರು. ಅವರ ನಾದಿನಿ ಕಳಿಸಿದ್ದ ವಾಟ್ಸಾಪ್ ಫಾರ್ವರ್ಡ್, ಬರೀ ಒಂದಷ್ಟು ಸಾಲುಗಳು. ಆಸ್ಪತ್ರೆಯ ಹಾಸಿಗೆ. ಮಗಳ ಹೆಸರು, ಜೊತೆ ನಟಿಸುವ ಹುಡುಗನ ಹೆಸರು. ಗುಟ್ಟಾಗಿ ಆದ ಮದುವೆ, ಉಳಿಯದ ಮಗು, ಗೋಡೆಯ ಕಡೆ ತಿರುಗಿ ಅಳುತ್ತಿರುವ ಹುಡುಗಿ. ಹಿಂದಿಲ್ಲ, ಮುಂದಿಲ್ಲ. ಇದು ಕಥೆ ಎಂಬ ಸೂಚನೆಯೂ ಇಲ್ಲ.

ಆ ಸಾಲುಗಳನ್ನು ಅವತ್ತು ಬೆಳಿಗ್ಗೆಯೇ ಕೇಳಿದ್ದೆ. ಬರೆದವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಸಿಂಚನಾ, ನನ್ನ ತಂಗಿಯ ಮಗಳು. ಡಿಗ್ರಿ ಓದುತ್ತಾಳೆ. ಬಿಡುವಿನಲ್ಲಿ ಫ್ಯಾನ್ ಫಿಕ್ಷನ್ ಬರೆಯುತ್ತಾಳೆ. (ನನ್ನ ವಯಸ್ಸಿನವರಿಗಾಗಿ: ಹಾಗೆಂದರೆ ಅಭಿಮಾನಿಗಳು ತಮ್ಮ ಮೆಚ್ಚಿನವರ ಬಗ್ಗೆ ಕಟ್ಟುವ ಕಥೆ.) ಇವಳು ಬರೆಯುವುದು ಸೀರಿಯಲ್ಲಿನ ಪಾತ್ರಗಳ ಬಗ್ಗೆ ಅಲ್ಲ. ಆ ಪಾತ್ರ ಮಾಡುವ ಮನುಷ್ಯರ ಬಗ್ಗೆ, ಅವರ ನಿಜವಾದ ಹೆಸರಿನಲ್ಲೇ. ಒಂದು ಆ್ಯಪ್‌ನಲ್ಲಿ ಕಂತು ಕಂತಾಗಿ ಹಾಕುತ್ತಾಳೆ. ಓದುವವರು ಅಳುವ ಇಮೋಜಿ ಸುರಿಯುತ್ತಾರೆ.

ಬೆಳಿಗ್ಗೆ ತಿಂಡಿ ತಿನ್ನುತ್ತಾ ಅವಳೇ ಓದಿ ಹೇಳಿದ್ದಳು. ಹುಡುಗಿ ಚೆನ್ನಾಗಿಯೇ ಬರೆಯುತ್ತಾಳೆ. ಗುಟ್ಟಿನ ಮದುವೆ ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ನಡೆಯುತ್ತದೆ. ಹೀರೋ ಬಿಳಿ ಕಾರಿನಲ್ಲಿ ಬೆಟ್ಟ ಹತ್ತುತ್ತಾನೆ. “ಅಲ್ಲಿಗೆ ಕಾರು ಬಿಡಲ್ವಲ್ಲೇ, ಸರ್ಕಾರಿ ಬಸ್ಸಲ್ಲೇ ಹೋಗ್ಬೇಕು” ಎಂದೆ. ಗಮನಿಸಿ, ಅವಳ ಕಥೆಯಲ್ಲಿ ನಾನು ಹಿಡಿದ ಮೊದಲ ತಪ್ಪು ಅದು!

ಆಸ್ಪತ್ರೆಯ ಕಂತು ಬಂದಾಗ ಮಾತ್ರ ಸ್ವಲ್ಪ ಕಸಿವಿಸಿಯಾಯಿತು. “ಇದು ಅತಿ ಆಗ್ಲಿಲ್ವೇನೇ?”

“ಮೇಲೆ ಕಾಲ್ಪನಿಕ ಅಂತ ಹಾಕಿದೀನಿ ದೊಡ್ಡಮ್ಮ. ಎಲ್ರಿಗೂ ಗೊತ್ತಿರತ್ತೆ.”

ಎಲ್ಲರಿಗೂ. ಅಂಗಡಿಯಲ್ಲಿ ಕೂತ ತಾಯಿಯೊಬ್ಬರನ್ನು ಬಿಟ್ಟು.

ಮಾದೇವಮ್ಮ ಹೇಳುತ್ತಲೇ ಇದ್ದರು. “ಓದ್ದೇಟ್ಗೆ ಫೋನ್ ಮಾಡ್ದೆ. ಯಾಕವ್ವ ನಂಗೇಳ್ನಿಲ್ಲ, ನಾನ್ ಬತ್ತಿರ್ನಿಲ್ವಾ ಅಂದೆ. ‘ನೀನೂ ನಂಬ್ಬುಟ್ಟಾ ಅವ್ವ’ ಅಂದ್ಲು, ಕಟ್ ಮಾಡ್ಬುಟ್ಲು. ಆಗಿಂದ ಎತ್ತನೇ ಇಲ್ಲ.”

“ಅದೆಲ್ಲ ಸುಳ್ಳು ಮಾದೇವಮ್ಮ. ಯಾರೋ ಕಟ್ಟಿದ ಕಥೆ” ಎಂದೆ. ‘ಯಾರೋ’ ಎನ್ನುವಾಗ ಸಿಂಚನಾಳ ಕಡೆ ನೋಡಲಿಲ್ಲ.

ಅವಳೇ ಬಾಯಿಬಿಟ್ಟಳು. “ನಾನೇ ಬರ್ದಿದ್ದು ಆಂಟಿ.”

ಮಾದೇವಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. “ನೀನಾ ಕಣಮ್ಮಿ?” ಎಂದರು. ಲಂಗ ಹೊಲಿದುಕೊಟ್ಟ ಕಾಲದಿಂದ ಸಿಂಚನಾಳನ್ನು ನೋಡಿದವರು. ಆಮೇಲೆ ಕೇಳಿದರು: “ಅಲ್ಲ, ಅವ್ಳು ಆಸ್ಪತ್ರೇಲಿ ಒಬ್ಳೇ ಮನಗವ್ಳಲ್ಲ, ನಾನ್ ಎಲ್ಲಿಗೋಗಿದ್ದೆ? ಅಂತಾ ಒತ್ನಲ್ಲಿ ನಾನ್ ಬರ್ನಿಲ್ವಾ?”

“ಕಥೇಲಿ ಅವ್ರಿಗೆ ಅಮ್ಮ ಇಲ್ಲ ಆಂಟಿ. ಚಿಕ್ಕವರಿದ್ದಾಗಲೇ ತೀರ್ಕೊಂಡಿರ್ತಾರೆ.”

“ಯಾಕ?”

“ಓದೋರಿಗೆ ಅವ್ರ ಮೇಲೆ ಪಾಪ ಅನ್ನಿಸ್ಲಿ ಅಂತ...”

ಮಾದೇವಮ್ಮ ತಲೆಯಾಡಿಸಿದರು. ಟೇಪು ಎತ್ತಿಕೊಂಡು ನನ್ನ ಹತ್ತಿರ ಬಂದು “ಕೈ ಎತ್ತಿ ಮೇಡಂ” ಎಂದರು. ತೆಗೆದ ಅಳತೆಯನ್ನೇ ಮತ್ತೆ ಮತ್ತೆ ತೆಗೆದರು.

ದಾರಿಯುದ್ದಕ್ಕೂ ಸಿಂಚನಾ ಅತ್ತಳು. “ಹೆಸರು ಬದಲಾಯಿಸಿ ಬರೆಯೋಕೇನೇ ಕಷ್ಟ?” ಎಂದೆ. “ಮೊದ್ಲು ಹಾಗೇ ಬರೀತಿದ್ದೆ ದೊಡ್ಡಮ್ಮ. ಯಾರೂ ಓದ್ಲಿಲ್ಲ.”

ಹೆಸರು ಬೇರೆಯಾಗಿದ್ದರೆ ನಾನೂ ಕೇಳುತ್ತಿರಲಿಲ್ಲ ಅಲ್ಲವೇ? ಟಿವಿಯಲ್ಲಿ ನೋಡಿದ ಮುಖ ಎಂದೇ ತಾನೇ ಕಿವಿಗೊಟ್ಟಿದ್ದು?

ಮನೆಗೆ ಬಂದವಳೇ ಎಲ್ಲ ಕಂತುಗಳನ್ನೂ ಡಿಲೀಟ್ ಮಾಡಿದಳು. ಓದುಗರು ಸಿಟ್ಟಾದರು. ಅರ್ಧಕ್ಕೆ ನಿಲ್ಲಿಸುವುದು ಮೋಸ ಎಂದರು. ಯಾರೋ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರು. ಇನ್ಯಾರೋ ಮುಂದುವರಿಸಿ ಬರೆಯತೊಡಗಿದರು. ಈಗ ಅದರಲ್ಲಿ ಡಿವೋರ್ಸ್ ನಡೆಯುತ್ತಿದೆಯಂತೆ.

ಇದೇನೂ ಹೊಸದಲ್ಲ, ನಿಜ. ರಾಜರ ಮೇಲೆ, ಪಾಳೇಗಾರರ ಮೇಲೆ ಕಥೆ ಕಟ್ಟಿ ಹಾಡಿದವರೇ ನಾವು. ಆದರೆ ಆ ರಾಜರ ತಾಯಂದಿರು ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುತ್ತಾ ಕೂತಿರಲಿಲ್ಲ. ಕಥೆಯಲ್ಲಿ ಪ್ರೀತಿ ಮಾಡಿಸಿದರೆ ಪರವಾಗಿಲ್ಲ, ಮಗು ಕಳೆದರೆ ತಪ್ಪು ಎಂದು ಅವತ್ತು ಬೆಳಿಗ್ಗೆ ನಾನೊಂದು ಗೆರೆ ಎಳೆದುಕೊಂಡಿದ್ದೆನಲ್ಲ, ಆ ಗೆರೆ ನನ್ನ ಅನುಕೂಲಕ್ಕೆ ಎಳೆದದ್ದು. ಅದು ಮಾದೇವಮ್ಮನ ಮಗಳಿಗೂ ಒಪ್ಪಿಗೆಯೇ ಎಂದು ಯಾರು ಕೇಳಿದರು?

ಬ್ಲೌಸ್ ತರಲು ಹೋದ ದಿನ ಸಿಂಚನಾ ಬರಲಿಲ್ಲ. ನಾನೊಬ್ಬಳೇ ಹೋದೆ. ಈ ಬರಹಕ್ಕೆ ಮಾದೇವಮ್ಮನ ಒಪ್ಪಿಗೆ ಕೇಳಿದೆ. ಅವರ ಹೆಸರು, ಊರು ಬದಲಾಯಿಸಿ ಬರೆಯುತ್ತೇನೆ ಎಂದೂ ಹೇಳಿದೆ. (ಬದಲಾಯಿಸಿದ್ದೇನೆ.) “ಬರ್ಕೊಳಿ. ನನ್ನ ಬದ್ಕಿರಂಗೆ ಬರೀರಿ ಅಷ್ಟೇಯ” ಎಂದರು. ನಗಲಿಲ್ಲ.

ಮಗಳು ಫೋನ್ ಮಾಡಿದಳಾ ಎಂದೆ.

“ಮಾಡುದ್ಲು. ಏನೂ ಆಗಿಲ್ಲ ಕಣವ್ವ, ಚೆನ್ನಾಗಿವ್ನಿ ಅಂದ್ಲು. ಊಟ ಆಯ್ತಾ ಅಂದ್ಲು. ಮಡಗ್ಬುಟ್ಲು.” ದಾರ ಕಚ್ಚಿ ತುಂಡರಿಸಿದರು. “ಮೊದ್ಲಾದ್ರೆ ಚೆನ್ನಾಗಿವ್ನಿ ಅಂದ್ರೆ ಚೆನ್ನಾಗವ್ಳೆ ಅನ್ಕತಿದ್ದೆ. ಈಗ ಅವ್ಳು ಏನೇಳುದ್ರೂವೆ, ಇನ್ನೇನ ಮುಚ್ಚಿಡ್ತಾವ್ಳೋ ಅನ್ನುಸ್ತದ. ನಿಮ್ ತಂಗಿ ಮಗ್ಳು ಕಥೆ ಅಳಿಸ್ಬುಟ್ಲು ಅಂದ್ರಲ್ಲ ಮೇಡಂ, ಇದ್ನ ಯಾರ್ ಅಳ್ಸೋರು?”