ಅವರೇ ಮುರಿಯಬೇಕಿದ್ದ ಮೌನ

ನಮ್ಮ ತಂಡದಲ್ಲಿದ್ದದ್ದು ನಾಲ್ಕೇ ಜನ. ಪಿಟೀಲಿಗೆ ವಡೋದರಾದ ಒಬ್ಬ ದಂತವೈದ್ಯೆ ಮತ್ತು ಒಬ್ಬ ಶಾಲಾ ಮೇಷ್ಟ್ರು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲಿನಂಥ ಚೆಲ್ಲೊಗೆ ರೈಲ್ವೆಯಿಂದ ನಿವೃತ್ತರಾಗಿ ಅಲ್ಲೇ ಉಳಿದುಬಿಟ್ಟಿದ್ದ ಹುಬ್ಬಳ್ಳಿಯ ಹಿರಿಯರು, ವಯೊಲಾಕ್ಕೆ ನಾನು. ವಯೊಲಾ ಪಿಟೀಲಿಗಿಂತ ತುಸು ದೊಡ್ಡದು, ದನಿ ತಗ್ಗು. ಅದನ್ನು ಕೇಳಲೆಂದೇ ಮನೆಯಿಂದ ಹೊರಟು ಬಂದವರನ್ನು ನಾನಂತೂ ಕಂಡಿಲ್ಲ. ಬ್ಯಾಂಕಿನವರು ಅಹಮದಾಬಾದಿಗೆ ವರ್ಗ ಮಾಡಿದ ಮೇಲೆ ಅಲ್ಲಿನ ಬೋಪಾಲ್ ಬಡಾವಣೆಯ ಹನ್ನೊಂದನೇ ಮಹಡಿಯಲ್ಲಿ ಗೋಡೆ ನೋಡುತ್ತಾ ನುಡಿಸುತ್ತಿದ್ದೆ. ಶನಿವಾರ ರೈಲು ಹಿಡಿದು ವಡೋದರಾಕ್ಕೆ ಹೋಗಿ, ಅಲ್ಕಾಪುರಿಯಲ್ಲಿ ದಂತವೈದ್ಯೆಯ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಇವರ ಜೊತೆ ಕೂರತೊಡಗಿದ ಮೇಲೆ ಸ್ವಲ್ಪ ಮನುಷ್ಯಳಾದೆ.

ನಾವು ನುಡಿಸುತ್ತಿದ್ದದ್ದು ಈಗಿನವರು ಬರೆದ ಪಾಶ್ಚಾತ್ಯ ಸಂಗೀತ. ಕೇಳಲು ಬರುವವರಲ್ಲಿ ಅರ್ಧ ಜನ ನಮ್ಮ ನೆಂಟರಿಷ್ಟರು, ಉಳಿದರ್ಧ ಜನ ಇನ್ನೂ ಶ್ರುತಿ ಕೂಡಿಸುತ್ತಿದ್ದಾರೆಂದು ಕಾಯುವವರು.

ಆ ವರ್ಷ ವಡೋದರಾದಲ್ಲೇ ಓದಿದ ಹುಡುಗಿಯೊಬ್ಬಳು ನಮಗೆಂದು ಒಂದು ಕೃತಿ ಬರೆದುಕೊಟ್ಟಳು. ಅದರ ನಡುವೆ ಒಂದು ಮೌನ. ಎಷ್ಟು ಹೊತ್ತೆಂದು ಬರೆದಿರಲಿಲ್ಲ. ಚೆಲ್ಲೊ ನುಡಿಸುವವರು ತಮಗೆ ಸಾಕೆನಿಸಿದಾಗ ಒಂದು ಸ್ವರ ಎಳೆದು ಅದನ್ನು ಮುರಿಯಬೇಕು. ಅಲ್ಲಿಯವರೆಗೆ ಉಳಿದವರು ಕದಲಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು. ಅಭ್ಯಾಸದಲ್ಲಿ ಮೇಷ್ಟ್ರು ಕೆಮ್ಮಿದರೂ ಮತ್ತೆ ಮೊದಲಿಂದ.

"ಅವಸರ ಯಾಕ್ರೀ ಮೇಡಂ, ಮೊಸರು ಹೆಪ್ಪಾಗ್ಲಿ," ಎಂದು ಹಿರಿಯರು ನನ್ನನ್ನು ಕೆಣಕುತ್ತಿದ್ದರು. ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನನ್ನ ಅವಸರಕ್ಕೂ ಕಾರಣವಿತ್ತು. ಮೌನ ಮುರಿದ ಕೂಡಲೇ ಒಂದು ಇಡೀ ಪುಟ ನನ್ನದು, ವಯೊಲಾ ಒಂದೇ. ಅಂಥದ್ದನ್ನು ಅಲ್ಲಿಯವರೆಗೆ ಯಾರೂ ನನಗಾಗಿ ಬರೆದಿರಲಿಲ್ಲ.

ಕಾರ್ಯಕ್ರಮಕ್ಕೆ ಒಂದು ವಾರವಿರುವಾಗ, ಉಳಿದಿಬ್ಬರು ಚಹಾಕ್ಕೆಂದು ಕೆಳಗಿಳಿದಿದ್ದಾಗ, ಹಿರಿಯರ ಕೈಯಿಂದ ಚೆಲ್ಲೊದ ಕಮಾನು ಜಾರಿತು. ಎತ್ತಿಕೊಟ್ಟೆ. ಹಿಡಿಯಲಾಗಲಿಲ್ಲ. ಏನೋ ಹೇಳಹೋದರು, ಮಾತು ತೊದಲಿತು. ಐದು ನಿಮಿಷ ಕಳೆದ ಮೇಲೆ ನಾಲಿಗೆ ನೆಟ್ಟಗಾಯಿತು.

"ಬಲಗೈ ಜೋಮು ಹಿಡದಿತ್ರಿ. ಹೋದ ವಾರನೂ ಹಿಂಗ ಆಗಿತ್ತು. ಮನ್ಯಾಗ ಹೇಳಿಲ್ಲ, ನೀವೂ ಯಾರ ಮುಂದೂ ಹೇಳಬ್ಯಾಡ್ರಿ. ಪ್ರೋಗ್ರಾಂ ಮುಗೀಲಿ, ಸೋಮವಾರ ಡಾಕ್ಟರ್ ಕಡೆ ಹೋಗ್ತೀನಿ."

"ಇದು ತಮಾಷೆಯಲ್ಲ ಸಾರ್, ತೋರಿಸಿಬಿಡಿ," ಎಂದೆ. ಒಂದು ಸಲ ಹೇಳಿದೆ, ಅಷ್ಟೇ. ದಂತವೈದ್ಯೆಯ ಕಿವಿಗೆ ಒಂದು ಮಾತು ಹಾಕಿದ್ದರೆ ಆಕೆ ಅಂದೇ ಅವರನ್ನು ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದಳು. ಆದರೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಜಾಲಾಡಿದರೂ ಆ ಕೃತಿ ನುಡಿಸುವ ಇನ್ನೊಬ್ಬರು ನಮಗೆ ಸಿಗುತ್ತಿರಲಿಲ್ಲ. ಅವರಿಲ್ಲದಿದ್ದರೆ ಕಾರ್ಯಕ್ರಮವಿಲ್ಲ, ನನ್ನ ಪುಟವೂ ಇಲ್ಲ. ಹಿರಿಯರ ಮಾತಿಗೆ ಕಟ್ಟುಬಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಶುದ್ಧ ಸುಳ್ಳು. ನನಗೆ ನುಡಿಸುವ ಆಸೆಯಿತ್ತು.

ಮುಂದಿನ ಶನಿವಾರ ಸಂಜೆ ಸಭಾಂಗಣ ಮುಕ್ಕಾಲು ತುಂಬಿತ್ತು. ಮೌನದ ಜಾಗ ಬಂತು. ನಾನು ಕಣ್ಣನ್ನು ನನ್ನ ಪುಟದ ಮೇಲಿಟ್ಟು ಎಣಿಸತೊಡಗಿದೆ. ಅಭ್ಯಾಸದಲ್ಲಿ ಹಿರಿಯರು ಮೂವತ್ತು ದಾಟಿದವರಲ್ಲ. ನಲವತ್ತಾಯಿತು, ಎಪ್ಪತ್ತಾಯಿತು. ಜನ ಉಸಿರು ಬಿಗಿಹಿಡಿದು ಕೂತಿದ್ದರು. ಎಷ್ಟು ಚೆನ್ನಾಗಿ ಹಿಡಿದಿಟ್ಟಿದ್ದಾರೆ ಎಂದು ನನಗೆ ಹೆಮ್ಮೆಯಾಯಿತು. ಹೆಮ್ಮೆ! ಉಳಿದಿಬ್ಬರಿಗೆ ಏನೂ ಗೊತ್ತಿರಲಿಲ್ಲ. ಆ ವೇದಿಕೆಯ ಮೇಲೆ ತಲೆಯೆತ್ತಿ ನೋಡಬೇಕಿದ್ದವಳು ನಾನೊಬ್ಬಳೇ. ನೋಡಲಿಲ್ಲ.

ಕಮಾನು ನೆಲಕ್ಕೆ ಬಿದ್ದ ಸದ್ದಾಯಿತು. ಅದೂ ಸಂಗೀತವೇ ಇರಬೇಕೆಂದು ಯಾರೂ ಏಳಲಿಲ್ಲ. ಆಮೇಲೆ ಅವರು ಚೆಲ್ಲೊ ಸಮೇತ ಪಕ್ಕಕ್ಕೆ ವಾಲಿ ಬಿದ್ದರು.

ಪಾರ್ಶ್ವವಾಯು ಎಂದರು ವೈದ್ಯರು. ಜೀವ ಉಳಿಯಿತು. ಬಲಗೈ ಹೋಯಿತು, ಮಾತೂ ಹೋಯಿತು.

ತಿಂಗಳ ನಂತರ ಹಿರಿಯರ ಮನೆಗೆ ಹೋದೆ. ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಅವರ ಹೆಂಡತಿ ಚಹಾ ತಂದು ನನ್ನೆದುರು ಕೂತರು.

"ಬಂದವರೆಲ್ಲಾ ಆ ಮೌನ ಭಾಳ ಛಲೋ ಇತ್ತು ಅಂತಾರ್ರೀ. ಏನ್ ಹೇಳೂದು ಅವರಿಗೆ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮೊದಲ ಏನರ ಸೂಚನೆ ಇತ್ತೇನು ಅಂತ ಡಾಕ್ಟರ್ ಕೇಳ್ತಾರ. ಮನ್ಯಾಗಂತೂ ಇವರು ಒಂದ್ ಮಾತು ಅಂದಿಲ್ಲ. ನಿಮ್ಮ ಮುಂದ ಏನರ ಅಂದಿದ್ರೇನ್ರಿ?"

ಕುರ್ಚಿಯಲ್ಲಿದ್ದ ಹಿರಿಯರು ನನ್ನನ್ನೇ ನೋಡುತ್ತಿದ್ದರು.

"ಇಲ್ಲ," ಎಂದೆ.

ಅವರು ಮುಖವನ್ನು ನಿಧಾನವಾಗಿ ಕಿಟಕಿಯ ಕಡೆ ತಿರುಗಿಸಿದರು.

"ಅಂದಿದ್ರ ನೀವು ಸುಮ್ಮನ ಇರೋರಲ್ಲ ಬಿಡ್ರಿ," ಎಂದು ಆಕೆ ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದರು.